ಟೈಗರ್ ಬಾರ್ಬ್ ಮೇಲೆ ಅನುಮಾನ, ಏಂಜಲ್ ಮೈ ಮೇಲೆ ಗಾಯ: ಎರಡು ತಿಂಗಳ ಟ್ಯಾಂಕ್ ಡೈರಿ

ಮೊದಲು ನಮ್ಮ ಮೀನಿನ ಟ್ಯಾಂಕ್ ಬಗ್ಗೆ ಹೇಳ್ಬಿಡ್ತೀನಿ. ಮೈಸೂರಲ್ಲಿ ನಮ್ಮನೆ ಹಾಲ್‌ನಲ್ಲಿರೋದು, ಮೂರಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರ, 8 ಎಂಎಂ ಗಾಜು. ಮರಳು, ಕಲ್ಲು, ಮೇಲೆ ಬಿಟ್ಟಿರೋ ಎರಡಿಂಚು ಎಲ್ಲ ಕಳೆದ್ರೆ ನೀರು ಸುಮಾರು 120 ಲೀಟರ್. ಒಳಗೆ ಚಪ್ಪಟೆ ಮೈಯ ನಿಧಾನದ ಮೀನು ಏಂಜಲ್ 3, ಕಪ್ಪು ಪಟ್ಟೆಯ ಟೈಗರ್ ಬಾರ್ಬ್ 5, ತಳದ ಮರಳು ಕೆದಕೋ ಕೋರಿ 4, ಮತ್ತೆ ಒಂದು ಗೋಲ್ಡನ್ ಅಲ್ಗೀ ಈಟರ್. ಈ ಕೊನೇದನ್ನ ಎರಡು ವರ್ಷದ ಹಿಂದೆ ಅಂಗಡೀಲಿ "ಸಕ್ಕರ್ ಸಾರ್, ಪಾಚಿ ತಿಂದು ಗಾಜು ಕ್ಲೀನಾಗಿಡತ್ತೆ" ಅಂತ ಕೊಟ್ಟಿದ್ರು, ಆವಾಗ ಒಂದೂವರೆ ಇಂಚು ಇತ್ತು, ಈಗ ನಾಲ್ಕೂವರೆ.

ಟೈಗರ್ ಬಾರ್ಬ್ ರೆಕ್ಕೆ ಕಚ್ಚತ್ತೆ, ಅದರ ಜೊತೆ ಏಂಜಲ್ ಇಡಬಾರದು ಅಂತ ಎಲ್ಲರೂ ಹೇಳ್ತಾರೆ, ನಂಗೂ ಗೊತ್ತಿತ್ತು. ಆದ್ರೂ ಇಟ್ಟೆ, ಒಂದು ವರ್ಷ ಏನೂ ಆಗಲಿಲ್ಲ, ಹಂಗಾಗಿ ನಮ್ಮನೇಲಿ ಹೊಂದ್ಕೊಂಡಿದಾವೆ ಅಂದ್ಕೊಂಡೆ. ಅದು ಮೊದಲನೇ ತಪ್ಪು.

ನವೆಂಬರ್ 9, ಶನಿವಾರ

ಬೆಳಿಗ್ಗೆ ಲೈಟ್ ಹಾಕಿದಾಗ ಮೊದಲು ನೋಡಿದ್ದು ಮಗಳು. "ಅಪ್ಪಾ, ಬೆಳ್ಳಿದು ಮೀಸೆ ಇಲ್ಲ" ಅಂದ್ಳು. ಬೆಳ್ಳಿ ಅಂದ್ರೆ ಸಿಲ್ವರ್ ಏಂಜಲ್, ಮೀಸೆ ಅಂದ್ರೆ ಎದೆ ಕೆಳಗಿಂದ ಇಳಿಬಿದ್ದಿರತ್ತಲ್ಲ ಆ ಎರಡು ಉದ್ದ ಎಳೆ. ಒಂದು ಅರ್ಧಕ್ಕೆ ತುಂಡಾಗಿತ್ತು, ಇನ್ನೊಂದು ಬುಡದ ಹತ್ರ ಒಂದು ಸೆಂಟಿಮೀಟರ್ ಉಳಿದಿತ್ತು ಅಷ್ಟೇ. ಬೆನ್ನಿನ ರೆಕ್ಕೆ ತುದೀಲಿ ಹಲ್ಲು ಹಲ್ಲಾಗಿ ಕಚ್ಚಿದ ಗುರುತು. ಪಕ್ಕೆ ಮೇಲೆ ಒಂದು ಸಣ್ಣ ಬಿಳಿ ಕಲೆ ಕೂಡ ಇತ್ತು, ನೋಡಿದೆ, ಫೋಟೋನೂ ತೆಗೆದೆ, ಆದ್ರೆ ಅದರ ಬಗ್ಗೆ ಯೋಚನೆ ಮಾಡಲಿಲ್ಲ. ಈ ಇಡೀ ಕಥೇಲಿ ನಂಗೆ ಇವತ್ತಿಗೂ ಸಂಕಟ ಆಗೋದು ಆ ಫೋಟೋ ನೋಡಿದಾಗ.

ನೀರು ಟೆಸ್ಟ್ ಮಾಡಬೇಕಿತ್ತು, ಕಿಟ್ ಖಾಲಿಯಾಗಿ ಆರು ತಿಂಗಳಾಗಿತ್ತು. ರೆಕ್ಕೆ ಕೊಳೆಯೋ ರೋಗ ಇದ್ರೂ ಇರಬಹುದು, ಎರಡಕ್ಕೂ ಆಗ್ಲಿ ಅಂತ ಮೆಥಿಲೀನ್ ಬ್ಲೂ ಬಾಟಲಿ (90 ರೂಪಾಯಿ) ತಂದು ಬಾಟಲಿ ಮೇಲಿನ ಅಳತೆ ಪ್ರಕಾರ ಇಡೀ ಟ್ಯಾಂಕಿಗೇ ಹಾಕ್ಬಿಟ್ಟೆ.

ಮಾಡಬೇಡಿ. ಆ ನೀಲಿ ಔಷಧಿ ಬೇರೆ ಬಕೆಟ್ಟಲ್ಲಿ ಹಾಕೋವಂಥದ್ದು. ಮೀನಿನ ಹೊಲಸಿಂದ ಬರೋ ಅಮೋನಿಯಾ ಅನ್ನೋ ವಿಷಾನ ತೆಗೆಯೋದು ಫಿಲ್ಟರ್ ಒಳಗಿರೋ ಒಳ್ಳೇ ಬ್ಯಾಕ್ಟೀರಿಯಾ, ಅದಕ್ಕೂ ಈ ಔಷಧಿ ಪೆಟ್ಟು ಕೊಡತ್ತೆ, ಗಿಡಕ್ಕೂ ಆಗಲ್ಲ, ಗಾಜಿನ ಮೂಲೇಲಿರೋ ಸಿಲಿಕೋನ್ ನೀಲಿಯಾಗಿದ್ದು ಇನ್ನೂ ಹೋಗಿಲ್ಲ.

ನವೆಂಬರ್ 11-13

ಸೋಮವಾರ ಸಂಜೆ ಆಫೀಸಿಂದ ಬಂದು ನೋಡಿದ್ರೆ ಮೂರೂ ಏಂಜಲ್ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದಾವೆ. ಓಡಿಹೋಗಿ ಅಮೋನಿಯಾ ಕಿಟ್ ತಂದೆ, ಹನಿ ಹಾಕಿ ಬಣ್ಣ ನೋಡೋದು, 650 ರೂಪಾಯಿ. ಸೊನ್ನೆ ಇರಬೇಕಾದ್ದು ಅರ್ಧ ಪಿಪಿಎಂ (ಹತ್ತು ಲಕ್ಷ ಪಾಲಿಗೆ ಅರ್ಧ ಪಾಲು) ಬಂತು. ಅಂದ್ರೆ ಫಿಲ್ಟರ್ ಕೆಲಸ ನಿಲ್ಲಿಸಿದೆ, ಅದಕ್ಕೆ ಕಾರಣ ನಾನೇ.

ಅವತ್ತು ರಾತ್ರಿ 40 ಪರ್ಸೆಂಟ್ ನೀರು ಬದಲಾಯಿಸಿದೆ, ಮಾರನೇ ದಿನ ಮತ್ತೆ 40, ಬುಧವಾರ 30. ನಲ್ಲಿ ನೀರಲ್ಲಿ ಕ್ಲೋರಿನ್ ಇರತ್ತೆ ಅಂತ ಆಂಟಿ ಕ್ಲೋರಿನ್ ಹನಿ ಹಾಕಿ ಅರ್ಧ ಗಂಟೆ ಡ್ರಮ್ಮಲ್ಲಿ ಬಿಟ್ಟು, ಟ್ಯಾಂಕಿನ ನೀರಿಗೂ ಡ್ರಮ್ಮಿನ ನೀರಿಗೂ ಬಿಸಿ ಒಂದೇ ಮಟ್ಟಕ್ಕೆ ಬಂದ್ಮೇಲೆ ಹಾಕಿದ್ದು. ಊಟ ಎರಡು ದಿನ ಪೂರ್ತಿ ಬಂದ್. ಬುಧವಾರ ರಾತ್ರಿ ಅಮೋನಿಯಾ ಕಾಲು ಪಿಪಿಎಂಗೆ ಇಳೀತು, ಮುಂದಿನ ವಾರ ಸೊನ್ನೆಗೆ ಬಂತು.

ಅಷ್ಟರಲ್ಲಿ ಬಾರ್ಬ್‌ಗಳು ಇನ್ನೊಂದು ಏಂಜಲ್, ಅಂದ್ರೆ ಮಾರ್ಬಲ್ ಬಣ್ಣದ್ದು, ಅದರ ಮೀಸೆಗೆ ಬಾಯಿ ಹಾಕ್ತಿರೋದನ್ನ ಹಗಲಲ್ಲೇ ಕಣ್ಣಾರೆ ನೋಡಿದೆ. ಹಿಂದಿಂದ ಬಂದು ಒಂದು ಸಲ ಕುಟುಕಿ ಓಡಿಹೋಗೋದು, ಒಂದು ಓಡಿಸಿದ್ರೆ ಇನ್ನೊಂದು ಬರೋದು. ಕಳ್ಳ ಸಿಕ್ಕಿಬಿದ್ದ ಅಂದ್ಕೊಂಡು ಅಲ್ಲಿಗೆ ಹುಡುಕೋದು ನಿಲ್ಲಿಸಿದೆ.

ನವೆಂಬರ್ 14, ಮೊದಲನೇ ಡಿವೈಡರ್

ಬಾರ್ಬ್ ಒಂದು ಕಡೆ, ಏಂಜಲ್ ಒಂದು ಕಡೆ ಇರ್ಲಿ ಅಂತ ಟ್ಯಾಂಕ್ ನಡುವೆ ಅಡ್ಡ ಗೋಡೆ ಹಾಕೋಕೆ ಹೊರಟೆ. ಫಾಲ್ಸ್ ಸೀಲಿಂಗ್ ಲೈಟಿಗೆ ಹಾಕ್ತಾರಲ್ಲ ಬಿಳಿ ಚೌಕುಳಿ ಪ್ಲಾಸ್ಟಿಕ್ ಗ್ರಿಲ್, ಅದರದ್ದೊಂದು ತುಂಡು ಎಲೆಕ್ಟ್ರಿಕಲ್ ಅಂಗಡೀಲಿ 120ಕ್ಕೆ ಸಿಕ್ತು. ಒಳಗಿನ ಅಗಲ 365 ಎಂಎಂ. ಸರಿಯಾಗಿ 365ಕ್ಕೇ ಕತ್ತರಿಸಿದೆ, ಇಳೀಲೇ ಇಲ್ಲ, ಯಾಕಂದ್ರೆ ತಳದ ಮೂಲೇಲಿ ಸಿಲಿಕೋನ್ ಉಬ್ಬಿರತ್ತೆ. 360 ಮಾಡಿ, ಕೆಳಗಿನ ಎರಡು ಮೂಲೆ ಒಂದೊಂದು ಚೌಕ ಕಟ್ ಮಾಡಿದ್ಮೇಲೆ ಕೂತ್ಕೊಳ್ತು. ಕಟಿಂಗ್ ಪ್ಲೇಯರ್ ಸಾಕು, ಆದ್ರೆ ಕಡಿದ ತುದಿಗಳು ಮುಳ್ಳಿನ ಥರ ನಿಲ್ತವೆ, ಸ್ಯಾಂಡ್ ಪೇಪರ್ ಹಾಕ್ಲೇಬೇಕು, ನಂಗೆ ಅದಕ್ಕೇ ಮುಕ್ಕಾಲು ಗಂಟೆ ಹಿಡೀತು.

ಅಮ್ಮ ಬಂದು ನಿಂತು ನೋಡಿ "ಏನೋ ಇದು, ಮೀನಿಗೂ ಬೇಲಿ ಹಾಕ್ತಿದೀಯಾ" ಅಂದ್ರು.

ಬೇಲಿ ಒಂದು ರಾತ್ರಿ ನಿಲ್ಲಲಿಲ್ಲ. ಎರಡು ತಪ್ಪು ಮಾಡಿದ್ದೆ. ಒಂದು, ಗ್ರಿಲ್ಲನ್ನ ಮರಳಿನ ಮೇಲೆ ಕೂರಿಸಿದ್ದೆ, ಕೋರಿಗಳು ಬೆಳಗಾಗೋದ್ರಲ್ಲಿ ಅಡಿಯಲ್ಲಿ ಕೆದಕಿ ದಾರಿ ಮಾಡ್ಕೊಂಡಿದ್ವು. ಎರಡನೇದು ದೊಡ್ಡದು. ಚೌಕದ ತೂತು ಹತ್ತಿರ ಹತ್ತಿರ ಅರ್ಧ ಇಂಚು. ದೊಡ್ಡ ಬಾರ್ಬ್ ದಾಟಲ್ಲ, ಆದ್ರೆ ಐದರಲ್ಲಿ ಒಂದು ಚಿಕ್ಕದಿತ್ತು, ಅದು ತಲೆ ತೂರಿಸಿ ಕಿವಿರಿನ ಹತ್ರ ಸಿಕ್ಕಾಕ್ಕೊಂಡಿತ್ತು. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ, ಕಿವಿರು ಬಿಚ್ಚಕ್ಕೂ ಆಗ್ತಿಲ್ಲ, ಮೈ ಮೇಲಿನ ಕಪ್ಪು ಪಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು. ಎಳೆದ್ರೆ ಕಿವಿರು ಕಿತ್ತು ಬರತ್ತೆ ಅಂತ ಗ್ರಿಲ್ ಸಮೇತ ನೀರಿನ ಮೇಲ್ಮೈವರೆಗೆ ತಂದು, ನಮ್ಮನೆಯವಳು ಮೀನನ್ನ ಒದ್ದೆ ಕೈಯಲ್ಲಿ ಹಿಡ್ಕೊಂಡ್ಲು, ನಾನು ನೋಸ್ ಪ್ಲೇಯರಲ್ಲಿ ಸುತ್ತ ಮೂರು ಗೋಡೆ ಮುರಿದೆ. ಬದುಕ್ತು. ಸಣ್ಣ ಮೀನಿದ್ರೆ ಆ ಗ್ರಿಲ್ ಸಹವಾಸಕ್ಕೇ ಹೋಗ್ಬೇಡಿ.

ನವೆಂಬರ್ 16-17, ಎರಡನೇ ಡಿವೈಡರ್

ಇದು ನಿಂತಿದ್ದು, ಅದಕ್ಕೆ ವಿವರವಾಗಿ ಬರೀತೀನಿ.

ವೈರಿಂಗ್‌ಗೆ ಹಾಕೋ ಕೇಸಿಂಗ್ ಪಟ್ಟಿ ಒಂದು ಉದ್ದ, 60 ರೂಪಾಯಿ. 4 ಎಂಎಂ ತೂತಿನ ಪ್ಲಾಸ್ಟಿಕ್ ಮೆಶ್ ಒಂದು ಮೀಟರ್, 80. ರಬ್ಬರ್ ಸಕ್ಷನ್ ಕಪ್ ಎಂಟು, 80. ಸಣ್ಣ ಕೇಬಲ್ ಟೈ ಪ್ಯಾಕೆಟ್, 30.

ಪಟ್ಟೀಲಿ 360 ಅಗಲ, 430 ಎತ್ತರದ ಚೌಕಟ್ಟು ಮಾಡಿದೆ. ಮೂಲೇಲಿ ಅಂಟು ಹಾಕಲಿಲ್ಲ, ಟ್ಯಾಂಕೊಳಗೆ ಯಾವ ಅಂಟು ಏನು ಬಿಡತ್ತೋ ಅನ್ನೋ ಭಯ, ಬಿಸಿ ಮೊಳೆಯಲ್ಲಿ ತೂತು ಮಾಡಿ ಕೇಬಲ್ ಟೈ ಬಿಗಿದೆ. ಮೆಶ್ಶನ್ನ ಪಟ್ಟಿಯ ತೋಡಿನೊಳಗೆ ಇಟ್ಟು ಮುಚ್ಚಳ ಒತ್ತಿದ್ರೆ ಟಕ್ ಅಂತ ಹಿಡ್ಕೊಳ್ಳತ್ತೆ, ಆದ್ರೂ ನೀರಲ್ಲಿ ಬಿಚ್ಕೊಳ್ಳಬಹುದು ಅಂತ ಪ್ರತಿ ಎರಡಿಂಚಿಗೆ ಒಂದು ಟೈ. ಟೈ ಬಾಲಗಳನ್ನ ಬುಡಕ್ಕೆ ಕತ್ತರಿಸಿ ಚೂಪು ಉಜ್ಜಿದೆ.

ಈ ಸಲ ಮರಳು ಪಕ್ಕಕ್ಕೆ ಸರಿಸಿ ತಳದ ಗಾಜಿಗೇ ಮುಟ್ಟೋ ಹಾಗೆ ಇಳಿಸಿ, ಎರಡೂ ಕಡೆಯಿಂದ ಮರಳು ಒತ್ತಿ, ಬುಡಕ್ಕೆ ನಾಲ್ಕು ಕಲ್ಲು ಇಟ್ಟೆ. ಪಕ್ಕದ ಗಾಜಿಗೆ ನಾಲ್ಕು ನಾಲ್ಕು ಸಕ್ಷನ್ ಕಪ್. ಕಪ್ ಒತ್ತೋ ಮೊದಲು ಆ ಜಾಗದ ಪಾಚಿ ಉಜ್ಜಿ ತೆಗೀಬೇಕು, ಇಲ್ದಿದ್ರೆ ಎರಡು ದಿನಕ್ಕೆ ಕಳಚ್ಕೊಳ್ಳತ್ತೆ, ನಂದು ಎರಡು ಕಪ್ ಹಾಗೇ ಕಳಚಿದ್ವು.

ಒಂದು ತೊಂದರೆ ಬಂತು. ಹೀಟರ್ ಒಂದು ಕಡೆ ಉಳೀತು, ಫಿಲ್ಟರ್ ಇನ್ನೊಂದು ಕಡೆ. ಮೆಶ್ ಮೂಲಕ ನೀರು ಓಡಾಡತ್ತೆ ಅಂತ ನಂಬಿದ್ದೆ, ಆದ್ರೆ ನವೆಂಬರ್ ಚಳೀಲಿ ಬೆಳಿಗ್ಗೆ ಥರ್ಮಾಮೀಟರ್ ಇಟ್ಟು ನೋಡಿದ್ರೆ ಹೀಟರ್ ಕಡೆ 28, ಇನ್ನೊಂದು ಕಡೆ 25 ಡಿಗ್ರಿ. ಹೀಟರನ್ನ ಮೆಶ್ ಪಕ್ಕಕ್ಕೇ ತಂದು, ಫಿಲ್ಟರ್ ಇಲ್ಲದ ಕಡೆ 150 ರೂಪಾಯಿದೊಂದು ಸ್ಪಾಂಜ್ ಫಿಲ್ಟರ್ ಹಾಕಿದ್ಮೇಲೆ ವ್ಯತ್ಯಾಸ ಅರ್ಧ ಡಿಗ್ರಿಗೆ ಇಳೀತು. ಈ ಸ್ಪಾಂಜ್ ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಎಡಗಡೆ ಐದು ಬಾರ್ಬ್. ಬಲಗಡೆ ಏಂಜಲ್, ಕೋರಿ, ಅಲ್ಗೀ ಈಟರ್. ಅಲ್ಗೀ ಈಟರ್ ಯಾವ ಕಡೆ ಅಂತ ಒಂದು ಕ್ಷಣಾನೂ ಯೋಚಿಸಲಿಲ್ಲ, ಅದು ಆ ಕಡೆ ಗಾಜಿಗೆ ಅಂಟಿಕೊಂಡಿತ್ತು, ಅಲ್ಲೇ ಬಿಟ್ಟೆ.

ನವೆಂಬರ್ 21, ಗುರುವಾರ

ಮಾರ್ಬಲ್ ಏಂಜಲ್ ಮೀಸೆ ನಾಲ್ಕು ದಿನದಿಂದ ಹಾಗೇ ಇದೆ, ಹೊಸದಾಗಿ ತುಂಡಾಗಿಲ್ಲ. ಖುಷಿಯಾಯ್ತು. ಆಮೇಲೆ ಬೆಳ್ಳಿ ತಿರುಗಿ ಇನ್ನೊಂದು ಪಕ್ಕೆ ತೋರಿಸ್ತು. ಎಂಟಾಣೆ ನಾಣ್ಯಕ್ಕಿಂತ ಚೂರು ಚಿಕ್ಕದು, ಸರಿಯಾಗಿ ದುಂಡಗೆ, ಬೆಳ್ಳಿ ಹೊಳಪು ಹೋಗಿ ಮಬ್ಬು ಬಿಳಿ, ನಡುವೆ ಹುರುಪೆ ಎದ್ದುಹೋಗಿ ಕೆಂಪು ಕಾಣ್ತಿತ್ತು. ಅದರ ಪಕ್ಕ ಅರ್ಧ ಚಂದ್ರದ ಥರ ಇನ್ನೊಂದು.

ಬಾರ್ಬ್ ಎಲ್ಲ ಆ ಕಡೆ ಇದಾವೆ. ಹಾಗಾದ್ರೆ ಈ ಕಡೆ ಗಾಯ ಯಾರು ಮಾಡಿದ್ದು?

ಆವಾಗ 9ನೇ ತಾರೀಕಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಅದೇ ದುಂಡು ಕಲೆ, ಚಿಕ್ಕದಾಗಿ, ಮೊದಲನೇ ದಿನವೇ ಇತ್ತು. ಬಾರ್ಬ್ ಕಚ್ಚೋದು ರೆಕ್ಕೆ ತುದಿ, ಮೀಸೆ, ಬಾಲ, ಅಂದ್ರೆ ನೇತಾಡೋದನ್ನ, ಅದೂ ಹಗಲಲ್ಲಿ. ರೆಕ್ಕೆ ಕೊಳೆಯೋ ರೋಗ ಆದ್ರೆ ಅಂಚಿಂದ ಬೆಳ್ಳಗಾಗ್ತಾ ದಿನಾ ಸ್ವಲ್ಪ ಸ್ವಲ್ಪ ಕರಗ್ತಾ ಬರತ್ತೆ. ಚಪ್ಪಟೆ ಪಕ್ಕೆ ನಡುಮಧ್ಯ ದುಂಡಗೆ ಲೋಳೆ ಎದ್ದುಹೋಗೋದು ಈ ಎರಡರಲ್ಲಿ ಯಾವುದೂ ಅಲ್ಲ.

ಬೆಳ್ಳೀನ ಅವತ್ತೇ 20 ಲೀಟರ್ ಟಬ್ಬಿಗೆ ಹಾಕಿದೆ, ಟ್ಯಾಂಕಿನದೇ ನೀರು, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ 20 ಗ್ರಾಂ ಕಲ್ಲುಪ್ಪು ಕರಗಿಸಿ ಮೂರು ಸಲಕ್ಕೆ ಹಾಕಿದ್ದು. ಕೋರಿಗೆ ಉಪ್ಪು ಅಷ್ಟಾಗಿ ಆಗಿಬರಲ್ಲ ಅಂತಾರೆ, ಅದಕ್ಕೆ ಟ್ಯಾಂಕಿಗೆ ಹಾಕಲಿಲ್ಲ.

ನವೆಂಬರ್ 22, ರಾತ್ರಿ ಕಾವಲು

ಗೇಟ್ ಹತ್ರ ಇರೋ ವೈಫೈ ಕ್ಯಾಮರಾ ಬಿಚ್ಚಿ ತಂದು ಟ್ಯಾಂಕ್ ಮುಂದೆ ಇಟ್ಟೆ. ಕತ್ತಲಲ್ಲಿ ಅದು ತನ್ನದೇ ಇನ್‌ಫ್ರಾರೆಡ್ ಲೈಟ್ ಬಿಡತ್ತಲ್ಲ, ಅದು ಗಾಜಿಗೆ ಬಡಿದು ವಾಪಸ್ ಬಂದು ಪರದೆ ತುಂಬಾ ಬಿಳಿ ಮಂಜು. ಲೆನ್ಸ್ ಗಾಜಿಗೆ ಒತ್ತಿಟ್ರೆ ಮಂಜು ಹೋಗತ್ತೆ, ಆದ್ರೆ ಎದುರಿಗೆ ಬಂದ ಮೀನಿನ ಬಾಲ ಬಿಟ್ರೆ ಏನೂ ಕಾಣಲ್ಲ. ಒಂದು ಗಂಟೆ ಹೋಯ್ತು.

ಕೊನೆಗೆ ಆಗಿದ್ದು ಮಗಳ ಸೈಕಲ್ ಹಿಂದಿನ ಕೆಂಪು ಲೈಟಿಂದ. ಅದನ್ನ ಮಿನುಗದೆ ಒಂದೇ ಸಮ ಉರಿಯೋ ಹಾಗಿಟ್ಟು, ಮೇಲೆ ಎರಡು ಮಡಿಕೆ ಟಿಶ್ಯೂ ಪೇಪರ್ ಹಾಕಿ, ಟ್ಯಾಂಕಿನ ಮುಚ್ಚಳದ ಮೇಲಿಂದ ಕೆಳಗೆ ಬೀಳೋ ಹಾಗೆ ಇಟ್ಟೆ. ಕೆಂಪು ಮಬ್ಬು ಬೆಳಕಿಗೆ ಮೀನು ಅಷ್ಟಾಗಿ ಬೆದರಲ್ಲ. ಹಳೇ ಫೋನ್ ಸ್ಟೂಲ್ ಮೇಲೆ, ಚಾರ್ಜರ್ ಹಾಕಿ, ವಿಡಿಯೋ ಆನ್. ರಾತ್ರಿ 10:40ರಿಂದ 1 ಗಂಟೆವರೆಗೆ. ನಾನೂ ಸೋಫಾದಲ್ಲಿ ಕೂತಿದ್ದೆ.

11:50ರ ಹೊತ್ತಿಗೆ ಮಾರ್ಬಲ್ ಏಂಜಲ್ ಹೀಟರ್ ಪಕ್ಕ ನಿದ್ದೆ ಹೊಡೀತಿತ್ತು, ತಲೆ ಸ್ವಲ್ಪ ಕೆಳಗೆ, ಮೈ ಬಣ್ಣ ಮಾಸಿ, ಎದೆ ರೆಕ್ಕೆ ಮಾತ್ರ ನಿಧಾನಕ್ಕೆ ಆಡ್ತಾ ಇತ್ತು. ಗಾಜಿಗೆ ಅಂಟಿಕೊಂಡಿದ್ದ ಅಲ್ಗೀ ಈಟರ್ ಬಿಟ್ಕೊಂಡು ತಳಕ್ಕೆ ಬಂತು, ಅಲ್ಲಿಂದ ನೇರ ಮೇಲೆದ್ದು ಏಂಜಲ್ ಪಕ್ಕೆಗೆ ಹೋಗಿ ಬಾಯಿ ಇಟ್ಟು ಕೂತುಬಿಡ್ತು. ಗಾಜಿಗೆ ಅಂಟೋ ಹಾಗೇ. ಏಂಜಲ್ ಒದರಿಕೊಂಡು ಮೇಲಕ್ಕೆ ಹಾರಿ ಮುಚ್ಚಳಕ್ಕೆ ಡಿಕ್ಕಿ ಹೊಡೀತು, ಅದು ಜಾರ್ತು, ನಾಲ್ಕು ನಿಮಿಷಕ್ಕೆ ಮತ್ತೆ ಬಂತು. 1 ಗಂಟೆ ಒಳಗೆ ಒಂಬತ್ತು ಸಲ. ಒಂದು ಸಲ 20 ಸೆಕೆಂಡ್ ಬಿಡಲೇ ಇಲ್ಲ, ಏಂಜಲ್ ಡಿವೈಡರ್ ಈಚೆ ಕಡೆಯೆಲ್ಲ ಸುತ್ತಿದ್ರೂ ಅಂಟಿಕೊಂಡೇ ಇತ್ತು.

ಅಲ್ಗೀ ಈಟರ್ ಕಿವಿರು ಹತ್ತಿರದಿಂದ ನೋಡಿ, ಕಿವಿರು ಮುಚ್ಚಳದ ಮೇಲ್ತುದೀಲಿ ಇನ್ನೊಂದು ಸಣ್ಣ ಸೀಳು ಕಾಣತ್ತೆ. ನೀರು ಅಲ್ಲಿಂದ ಒಳಗೆ, ಕೆಳಗಿನ ತೂತಿಂದ ಹೊರಗೆ. ಉಸಿರಾಟಕ್ಕೆ ಬಾಯಿ ಬಿಡೋ ಅಗತ್ಯಾನೇ ಇಲ್ಲ, ಎಷ್ಟು ಹೊತ್ತು ಬೇಕಾದ್ರೂ ಕಚ್ಕೊಂಡಿರತ್ತೆ. ಮರಿ ಇದ್ದಾಗ ಪಾಚಿ ತಿನ್ನತ್ತೆ, ದೊಡ್ಡದಾದ್ಮೇಲೆ ಪಾಚಿ ಮೇಲೆ ಆಸೆ ಕಮ್ಮಿಯಾಗಿ ಏಂಜಲ್ ಥರದ ಚಪ್ಪಟೆ, ನಿಧಾನದ ಮೀನಿನ ಮೈಲೋಳೆ ಕೆರೆದು ತಿನ್ನೋ ಚಟ ಹತ್ತತ್ತೆ. ಅಂಗಡೀಲಿ ಸಕ್ಕರ್ ಅನ್ನೋ ಒಂದೇ ಹೆಸರಲ್ಲಿ ಎರಡು ಮೂರು ಜಾತಿ ಮಾರ್ತಾರೆ, ಹೆಸರು ನಂಬಿ ತರಬೇಡಿ.

ನವೆಂಬರ್ 24, ಭಾನುವಾರ

ಬೆಳ್ಳಿ ಬೆಳಿಗ್ಗೆ ಟಬ್ಬಲ್ಲಿ ಸತ್ತಿತ್ತು. ಗಾಯ, ಅದರ ಮೇಲೆ ನನ್ನ ಔಷಧಿ, ಅದರ ಮೇಲೆ ಅಮೋನಿಯಾ. 9ನೇ ತಾರೀಕೇ ಕಲೆ ಸರಿಯಾಗಿ ನೋಡಿದ್ರೆ ಉಳೀತಿತ್ತು ಅಂತ ನಂಗೆ ಗಟ್ಟಿಯಾಗಿ ಅನ್ಸತ್ತೆ. ಮಗಳು ದಾಸವಾಳದ ಗಿಡದ ಬುಡದಲ್ಲಿ ಹೂತಳು, ಅವತ್ತಿಡೀ ಹಾಲ್ ಕಡೆ ಬರಲಿಲ್ಲ.

ನವೆಂಬರ್ 24-26, ಹಿಡಿಯೋ ಕೆಲಸ

ಅಲ್ಗೀ ಈಟರ್ ಹಿಡಿಯೋಕೆ ಬಲೆ ಹಾಕಿ ಒಂದು ಗಂಟೆ ಒದ್ದಾಡಿದೆ, ಗಿಡ ಎರಡು ಕಿತ್ತುಬಂತು, ನೀರು ಕಲಕ್ತು, ಏಂಜಲ್‌ಗೆ ಇನ್ನಷ್ಟು ಗಾಬರಿ, ಮೀನು ಸಿಗಲಿಲ್ಲ. ಅದಕ್ಕೆ ಸಿಕ್ಕಾಪಟ್ಟೆ ಸ್ಪೀಡು.

ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲಿ ಕತ್ತು ಕತ್ತರಿಸಿ ತಿರುಗಿಸಿ ಒಳಗಿಟ್ಟು ಬೋನು ಮಾಡಿದೆ, ಒಳಗೆ ಸೌತೇಕಾಯಿ ಬಿಲ್ಲೆ. ಬಾಯಿ ಎರಡು ಸೆಂಟಿಮೀಟರ್ ಅಷ್ಟೇ, ಕೋರಿಗಳು ಹೋಗಿ ಕೂತ್ವು, ಇದು ಮೂತಿ ಇಟ್ಟು ವಾಪಸ್ ಹೋಯ್ತು. ಮಾರನೇ ದಿನ ಐದು ಲೀಟರ್ ನೀರಿನ ಕ್ಯಾನ್, ಅದರ ಬಾಯಿ ಹತ್ತಿರ ಹತ್ತಿರ ನಾಲ್ಕು ಸೆಂಟಿಮೀಟರ್. ಕತ್ತು ಕತ್ತರಿಸಿ, ತಿರುಗಿಸಿ, ಕೇಬಲ್ ಟೈ ಹಾಕಿ, ನೀರು ಓಡಾಡೋಕೆ ಪಕ್ಕದಲ್ಲಿ ಬಿಸಿ ಮೊಳೆ ತೂತು 30, ಒಳಗೆ ಒಂದು ಕಲ್ಲು, ಬಿಸಿನೀರಲ್ಲಿ ಎರಡು ನಿಮಿಷ ಬೇಯಿಸಿ ಮೆತ್ತಗೆ ಮಾಡಿದ ಸೌತೇಕಾಯಿ. ಅವತ್ತು ಯಾರಿಗೂ ಬೇರೆ ಊಟ ಹಾಕಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದಾಗ ಸೌತೇಕಾಯಿ ಮೇಲೆ ಕೂತಿತ್ತು. ಕೈಯಿಂದ ಬಾಯಿ ಮುಚ್ಚಿ ಎತ್ತಿದೆ.

ಮೊದಲು ಮಾರಿದ ಅಂಗಡಿ ಅಲ್ಲದೆ ಬೇರೆ ಕಡೆ ಕೊಟ್ಟೆ, ದೊಡ್ಡ ಬಾರ್ಬ್‌ಗಳಿರೋ ಟ್ಯಾಂಕಿಗೆ ಹಾಕ್ಕೊಂಡ್ರು, ದುಡ್ಡೇನೂ ಕೇಳಲಿಲ್ಲ ನಾನು. ಯಾರೋ ಕೆರೆಗೆ ಬಿಡಿ ಅಂದ್ರು. ದಯವಿಟ್ಟು ಯಾವ ಟ್ಯಾಂಕ್ ಮೀನನ್ನೂ ಕೆರೆಗೆ ಬಿಡಬೇಡಿ, ಸಕ್ಕರ್ ಕ್ಯಾಟ್‌ಫಿಶ್ ಹೀಗೇ ಮನೆ ಟ್ಯಾಂಕಿಂದ ಹೋಗಿ ದೇಶದ ಎಷ್ಟೋ ಕೆರೆ ಹೊಳೇಲಿ ತುಂಬ್ಕೊಂಡು ಮೀನುಗಾರರ ಬಲೆ ಹರೀತಿದೆ.

ಡಿಸೆಂಬರ್ 1-10, ಬಾರ್ಬ್‌ಗೆ ಇನ್ನೊಂದು ಅವಕಾಶ

ದೊಡ್ಡ ಗಾಯ ಬಾರ್ಬ್ ಮಾಡಿದ್ದಲ್ಲ ಅಂತ ಗೊತ್ತಾದ್ಮೇಲೆ ಅವುಗಳ ಮೇಲೆ ಅಯ್ಯೋ ಅನ್ನಿಸ್ತು. ಐದೇ ಇದ್ರೆ ಬೇರೆಯವರ ತಂಟೆಗೆ ಹೋಗ್ತವೆ, ಗುಂಪು ದೊಡ್ಡದಿದ್ರೆ ತಮ್ಮತಮ್ಮಲ್ಲೇ ಜಗಳ ಆಡ್ಕೊಂಡಿರ್ತವೆ ಅನ್ನೋದು ನಿಜ, ಅದಕ್ಕೆ ಇನ್ನೂ ನಾಲ್ಕು ತಂದೆ, 160 ರೂಪಾಯಿ, ಒಟ್ಟು ಒಂಬತ್ತು. ಒಂದು ವಾರ ಎಡಗಡೆ ಬಿಟ್ಟು 7ನೇ ತಾರೀಕು ಡಿವೈಡರ್ ತೆಗೆದೆ. ಎರಡು ದಿನ ಚೆನ್ನಾಗಿತ್ತು. 10ನೇ ತಾರೀಕು ಮಾರ್ಬಲ್ ಮೀಸೆ ಒಂದು ಸೆಂಟಿಮೀಟರ್ ಕಮ್ಮಿ. ಡಿವೈಡರ್ ವಾಪಸ್ ಹೋಯ್ತು.

ಅಂದ್ರೆ ನನ್ನ ಅನುಮಾನ ಅರ್ಧ ಸರಿ ಇತ್ತು, ಮೋಸ ಮಾಡಿದ್ದೂ ಅದೇ. ಮೀಸೆ ಕಡಿದಿದ್ದು ಬಾರ್ಬೇ. ಅದು ಕಣ್ಣಿಗೆ ಬಿದ್ದಿದ್ರಿಂದ ಪಕ್ಕೆ ಗಾಯಾನೂ ಅದರ ಲೆಕ್ಕಕ್ಕೇ ಬರ್ಕೊಂಡೆ.

ಡಿಸೆಂಬರ್ 15

ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಮುಚ್ಚಳ ಸಮೇತ 1200, ಎರಡಡಿ, 12 ಇಂಚು, 15 ಇಂಚು. ಸಣ್ಣ ಏರ್ ಪಂಪ್ 350. ಒಂದು ರಾತ್ರಿ ಬಾತ್‌ರೂಮಲ್ಲಿ ನೀರು ತುಂಬಿಸಿ ಕೆಳಗೆ ನ್ಯೂಸ್ ಪೇಪರ್ ಹಾಕಿಟ್ಟು ಲೀಕ್ ನೋಡಿದೆ, ಒಣಗಿತ್ತು. ಒಂದು ತಿಂಗಳಿಂದ ದೊಡ್ಡ ಟ್ಯಾಂಕಲ್ಲೇ ಓಡ್ತಿದ್ದ ಸ್ಪಾಂಜನ್ನ ಹಿಂಡದೆ ಒಳ್ಳೇ ಬ್ಯಾಕ್ಟೀರಿಯಾ ಸಮೇತ ಹಾಗೇ ಎತ್ತಿ ಇದಕ್ಕೆ ಹಾಕಿದ್ರಿಂದ ಹೊಸ ಟ್ಯಾಂಕಲ್ಲೂ ಅಮೋನಿಯಾ ಮೂರನೇ ದಿನಕ್ಕೂ ಸೊನ್ನೆ, ಏಳನೇ ದಿನಕ್ಕೂ ಸೊನ್ನೆ. ಒಂಬತ್ತು ಬಾರ್ಬ್ ಅಲ್ಲಿ ಒಂದರ ಹಿಂದೆ ಒಂದು ಓಡಾಡ್ಕೊಂಡು ಚೆನ್ನಾಗಿದಾವೆ.

ಒಟ್ಟು ಖರ್ಚು 2970. ಅದರಲ್ಲಿ ನೀಲಿ ಔಷಧಿ, ಗ್ರಿಲ್, ನಾಲ್ಕು ಬಾರ್ಬ್ ಸೇರಿ 370 ಪೂರ್ತಿ ದಂಡ. ನಿಜ ತೋರಿಸಿದ ಹಳೇ ಫೋನು, ಸೈಕಲ್ ಲೈಟು ಎರಡೂ ಮನೇಲೇ ಇದ್ವು.

ಜನವರಿ 12, 2025

ಮಾರ್ಬಲ್ ಪಕ್ಕೆ ಗಾಯ ಮುಚ್ಚಿದೆ, ಹುರುಪೆ ಬಂದಿರೋ ಜಾಗ ಇನ್ನೂ ಸ್ವಲ್ಪ ಮಬ್ಬು. ಮೀಸೆ ಗಾಜಿನ ಮೇಲೆ ಸ್ಕೇಲ್ ಇಟ್ಟು ಅಳೆದೆ, ಎಡಗಡೇದು ನಾಲ್ಕೂವರೆ ಸೆಂಟಿಮೀಟರ್, ಬಲಗಡೇದು ಮೂರು. ಹೊಸದಾಗಿ ಬೆಳೆದ ಭಾಗ ಗಾಜಿನೆಳೆ ಥರ ಪಾರದರ್ಶಕ.

ನಿನ್ನೆಯಿಂದ ಉಳಿದ ಎರಡೂ ಏಂಜಲ್ ಸೇರ್ಕೊಂಡು ಫಿಲ್ಟರ್ ಪೈಪನ್ನ ಬಾಯಲ್ಲಿ ಉಜ್ಜಿ ಉಜ್ಜಿ ಕ್ಲೀನ್ ಮಾಡ್ತಿದಾವೆ, ಮೊಟ್ಟೆ ಇಡೋ ಲಕ್ಷಣ. ಇವತ್ತು ಬೆಳಿಗ್ಗೆ ಆ ಪೈಪ್ ಹತ್ರ ಬಂದ ಕೋರೀನ ಮಾರ್ಬಲ್ ಅಟ್ಟಿಸ್ಕೊಂಡು ಹೋಗಿ ಮೂಲೆಗೆ ಒತ್ತಿದ್ದು ನೋಡಿದೆ. ಕೋರಿಗೆ ಗಾಯ ಇಲ್ಲ, ನಾಲ್ಕನ್ನೂ ಎರಡೂ ಪಕ್ಕದಿಂದ ಫೋಟೋ ತೆಗೆದು ತಾರೀಕು ಹಾಕಿಟ್ಟಿದೀನಿ. ಡಿವೈಡರನ್ನ ಅಟ್ಟದಿಂದ ಇಳಿಸಿ ತೊಳೆದು ಬಿಸಿಲಿಗೆ ಇಟ್ಟಾಗಿದೆ.